ಬ್ರಂಚಿಗೆ ಅಲಾರಂ ಇಟ್ಟವರು
ಭಾನುವಾರ ಬೆಳಗ್ಗೆ ಎಂಟಕ್ಕೆ ಅಲಾರಂ ಇಟ್ಟು ಎದ್ದೆ. ಆಫೀಸಿಗಲ್ಲ, ರೈಲಿಗಲ್ಲ, ಬ್ರೇಕ್‌ಫಾಸ್ಟ್, ಲಂಚ್ ಎರಡೂ ಒಂದರಲ್ಲೇ ಸೇರಿದ ಬ್ರಂಚಿಗೆ. ಬೀದಿ ಕೊನೆಯಲ್ಲಿ ಹತ್ತು ಟೇಬಲ್ಲಿನ ಪುಟ್ಟ ಹೋಟೆಲೊಂದಿದೆಯಲ್ಲ, ಯಾರೋ ವಿಡಿಯೋ ಹಾಕಿದ ಮೇಲೆ ದಿಢೀರನೆ ಫೇಮಸ್ ಆಗಿಬಿಟ್ಟ ಜಾತಿಯದ್ದು, ಅದಕ್ಕೆ. ಮೊದಲು ಅಲ್ಲಿ ವಯಸ್ಸಾದವರು ಪೇಪರ್ ಹಿಡಿದು ಗಂಟೆಗಟ್ಟಲೆ ಕೂತಿರುತ್ತಿದ್ದರು. ಈಗ ಬಾಗಿಲಲ್ಲಿ ಪಟ್ಟಿ ಹಿಡಿದ ಹುಡುಗ ನಿಂತಿದ್ದಾನೆ.

‘ಎಷ್ಟು ಜನ ಸರ್?’

‘ನಾಲ್ಕು. ಒಬ್ಬರು ದಾರೀಲಿದಾರೆ.’

‘ಎಲ್ಲರೂ ಬಂದ ಮೇಲೆ ಹೆಸರು ಬರ್ಕೋತೀನಿ ಸರ್.’

ಆಯ್ತಪ್ಪ. ಹೆಸರು ಬರೆಸುವ ಮೊದಲು ಮನುಷ್ಯರನ್ನು ಎಣಿಸಿ ಒಪ್ಪಿಸಬೇಕು. ಹತ್ತಕ್ಕೇ ಬಂದವರು ನಾಲ್ಕನೆಯವನಿಗಾಗಿ ಅರ್ಧ ಗಂಟೆ ಕಾದೆವು. ಆಮೇಲೆ ಪಟ್ಟಿ ಸೇರಿದ ನಮ್ಮ ಹೆಸರಿಗಾಗಿ ಕಾದೆವು.

ಫುಟ್‌ಪಾತಿನಲ್ಲಿ ನಿಂತು ಮಾಡುವುದೇನು, ಬ್ರಂಚ್ ಎಲ್ಲಿಂದ ಬಂತು ಅಂತ ಫೋನಿನಲ್ಲಿ ಹುಡುಕಿದೆ. 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಲೇಖಕ ‘ಹಂಟರ್ಸ್ ವೀಕ್ಲಿ’ ಎಂಬ ಪತ್ರಿಕೆಯಲ್ಲಿ ಈ ಪದ ಬಳಸಿ ಒಂದು ಮನವಿಯನ್ನೇ ಬರೆದಿದ್ದನಂತೆ. ಅವನ ವಾದ ಸರಳ. ಶನಿವಾರ ರಾತ್ರಿ ಮಜಾ ಮಾಡಿದವರಿಗೆ ಭಾನುವಾರ ಬೆಳಗ್ಗೆ ಬೇಗ ಏಳುವ ಕಷ್ಟ ಇರಬಾರದು. ಪುಣ್ಯಾತ್ಮ! ಸೋಮಾರಿಗಳಿಗಾಗಿ ಒಬ್ಬ ಹುಟ್ಟಿಸಿದ ಊಟಕ್ಕೆ ನಾನು ಅಲಾರಂ ಹೊಡೆಸಿಕೊಂಡು ಎದ್ದು ಬಂದಿದ್ದೇನೆ.

ಮರುವರ್ಷ ‘ಪಂಚ್’ ಎಂಬ ಹಾಸ್ಯ ಪತ್ರಿಕೆ ಈ ಪದವನ್ನು ಹೊಗಳಿ, ಅದರ ಜೊತೆಗೆ ಇನ್ನೊಂದು ಪದವನ್ನೂ ಕೊಟ್ಟಿತು. ತಿಂಡಿಯ ಹೊತ್ತಿಗೆ ಹತ್ತಿರವಾದರೆ ಬ್ರಂಚ್, ಮಧ್ಯಾಹ್ನದ ಊಟಕ್ಕೆ ಹತ್ತಿರವಾದರೆ ಬ್ಲಂಚ್. ಅಷ್ಟು ಹೊತ್ತಿಗೆ ಬೆರಿಂಜರನ ಲೇಖನ ಹಾಕಿದ ಪತ್ರಿಕೆ ಮುಚ್ಚಿಹೋಗಿತ್ತು, ಪಾಪ. ಕನ್ನಡಕ್ಕೆ ತಂದರೆ ಮೊದಲನೆಯದು ತಿಂಡೂಟ, ಎರಡನೆಯದು ಊಂಡಿ. ತಿಂಡೂಟ ಪರವಾಗಿಲ್ಲ. ಊಂಡಿ ಅಂದರೆ ಮಾತ್ರ ಯಾವುದೋ ಕಾಯಿಲೆಯ ಹೆಸರು ಕೇಳಿದ ಹಾಗಾಗುತ್ತದೆ, ಅಲ್ವಾ?

ಇಷ್ಟೆಲ್ಲಾ ಓದಿ ಮುಗಿದರೂ ಕ್ಯೂ ಮುಂದೆ ಹೋಗಿರಲಿಲ್ಲ. ನಮ್ಮ ಜನರ ತಾಳ್ಮೆಯನ್ನು ಮೆಚ್ಚಲೇಬೇಕು. ಬ್ಯಾಂಕಿನಲ್ಲಿ ಐದು ನಿಮಿಷ ತಡವಾದರೆ ಮ್ಯಾನೇಜರನ್ನು ಕರೆಸುವವರು ಇಲ್ಲಿ ಬಿಸಿಲಲ್ಲಿ ಒಂದು ಗಂಟೆ ನಿಂತು, ನಿಂತಿದ್ದಕ್ಕೂ ಒಂದು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಕ್ಯೂ ಉದ್ದವಾದಷ್ಟೂ ರುಚಿ ಜಾಸ್ತಿ ಅಂತ ಇವರಿಗೆ ಯಾರು ಹೇಳಿಕೊಟ್ಟರೋ. ನಾನೂ ಅಲ್ಲೇ ನಿಂತಿದ್ದೆ ಅನ್ನುವುದು ಬೇರೆ ಮಾತು.

ಹನ್ನೊಂದೂ ಮುಕ್ಕಾಲಿಗೆ ಒಳಗೆ ಕರೆದರು. ತೊಂಬತ್ತು ನಿಮಿಷದಲ್ಲಿ ಟೇಬಲ್ ಖಾಲಿ ಮಾಡಬೇಕು ಅಂತ ಕೂರುವ ಮೊದಲೇ ಹೇಳಿದರು. ಮೆನು ಕಾರ್ಡ್ ಇಲ್ಲ, ಟೇಬಲ್ ಮೇಲೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಇದನ್ನು ಜಪಾನಿನ ಡೆನ್ಸೋ ಕಂಪನಿಯವರು 1994ರಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ್ದು. ಸರಿಯಾದ ಜಾಗಕ್ಕೇ ಬಂದು ಸೇರಿದೆ. ಕೂರಿಸು, ತಿನ್ನಿಸು, ಎಬ್ಬಿಸು, ಮುಂದಿನ ಬಿಡಿಭಾಗ ಒಳಗೆ ಬರಲಿ.

ನನ್ನ ಕುರ್ಚಿಯಿಂದ ಅಡುಗೆಮನೆ ಕಾಣುತ್ತಿತ್ತು. ಪಾತ್ರೆ ತೊಳೆಯುವವನು ಸಿಂಕಿಗೆ ಸೊಂಟ ಕೊಟ್ಟು, ನಿಂತಲ್ಲೇ ಬನ್ನು ತಿನ್ನುತ್ತಿದ್ದ. ಒಂದು ಕಣ್ಣು ಬನ್ನಿನ ಮೇಲೆ, ಇನ್ನೊಂದು ತಟ್ಟೆಗಳ ರಾಶಿ ಮೇಲೆ. ಇಂಥ ಹೋಟೆಲುಗಳಲ್ಲಿ ಶನಿವಾರ ರಾತ್ರಿ ಕೊನೆಯ ಗಿರಾಕಿ ಎದ್ದ ಮೇಲೆ ನೆಲ ಒರೆಸಿ ಬಾಗಿಲು ಹಾಕುವವರೂ, ಭಾನುವಾರ ಬೆಳಕು ಹರಿಯುವ ಮೊದಲೇ ಬಂದು ಒಲೆ ಹಚ್ಚುವವರೂ ಎಷ್ಟೋ ಸಲ ಅವರೇ. ಬೆರಿಂಜರ್ ಕೇಳಿದ್ದು ತಿನ್ನುವವರ ನಿದ್ದೆಯನ್ನು. ಮಾಡಿ ಹಾಕುವವನ ನಿದ್ದೆ ಬಗ್ಗೆ ಆಗಲೂ ಯಾರೂ ಮನವಿ ಬರೆಯಲಿಲ್ಲ, ಈಗಲೂ ಬರೆಯುವುದಿಲ್ಲ. ತಮಾಷೆ ಮಾಡಲು ಬಂದವನಿಗೆ ಇಲ್ಲಿ ತಮಾಷೆ ಹುಟ್ಟುತ್ತಿಲ್ಲ. ನಮಗೆ ರಜೆ ಅನ್ನಿಸಬೇಕಾದರೆ ಇನ್ನೊಬ್ಬನ ಕಾಲು ಬಾತುಕೊಳ್ಳಬೇಕು, ಮೇಲಿಂದ ನಾವು ಹೊರಗೆ ನಿಂತು ಸರ್ವಿಸ್ ಸ್ಲೋ ಅಂತ ಒಂದು ಸ್ಟಾರ್ ಕಡಿಮೆ ಕೊಡಬೇಕು. ಥೂ.

ಇರಲಿ. ಮೆನು ಲೋಡ್ ಆಗುವಷ್ಟರಲ್ಲಿ ಹನ್ನೆರಡು ದಾಟಿ ಎರಡು ನಿಮಿಷ. ಆಮ್ಲೆಟ್ ಒತ್ತಿದರೆ ಬರಲಿಲ್ಲ. ಹುಡುಗನನ್ನು ಕರೆದೆ.

‘ಬ್ರಂಚ್ ಹನ್ನೆರಡಕ್ಕೆ ಮುಗೀತು ಸರ್. ಈಗ ಲಂಚ್.’

ತಿಂಡಿಗೂ ಊಟಕ್ಕೂ ನಡುವೆ ಇದ್ದ ಗೋಡೆ ಒಡೆಯಲೆಂದೇ ಹುಟ್ಟಿದ ಊಟ ಇದು. ಅದಕ್ಕೇ ಈಗ ಬೇಲಿ ಹಾಕಿ ಕಾವಲು ನಿಲ್ಲಿಸಿದ್ದಾರೆ!

‘ಎರಡೇ ನಿಮಿಷ ಕಣಪ್ಪಾ. ಲಂಚ ಏನಾದ್ರೂ ಕೊಡಬೇಕಾ?’

ನಗಲಿಲ್ಲ. ದಿನಕ್ಕೆ ನಲವತ್ತು ಸಲ ಕೇಳಿರಬೇಕು.

‘ಲಂಚ್ ಮೆನೂಲಿ ಮೊಟ್ಟೆ ಇಲ್ಲ ಸರ್.’

ಒಲೆಯ ಪಕ್ಕದಲ್ಲೇ ಮೊಟ್ಟೆಯ ಟ್ರೇ ಇತ್ತು. ಕೈ ಮಾಡಿ ತೋರಿಸಿದೆ. ಅವನು ತಿರುಗಿ ನೋಡಿದ.

‘ಅದು ಬ್ರಂಚ್ ಮೊಟ್ಟೆ ಸರ್.’