ಟೋಕ್ವಿಲ್ ಹೆಸ್ರಲ್ಲಿ ಓಡಾಡ್ತಿರೋ ಮಾತು ಅವನದ್ದಲ್ಲ

"ಅಮೆರಿಕ ಒಳ್ಳೇದು, ಅದಕ್ಕೇ ದೊಡ್ಡದು, ಒಳ್ಳೇತನ ಹೋದ್ರೆ ದೊಡ್ಡಸ್ತಿಕೆನೂ ಹೋಗುತ್ತೆ" ಅಂತ ಫ್ರಾನ್ಸಿನ ಚಿಂತಕ ಟೋಕ್ವಿಲ್ ಬರೆದಿದ್ದಾನೆ ಅನ್ನೋ ಫಾರ್ವರ್ಡ್ ಮತ್ತೆ ಬಂದಿದೆ. ಇಲ್ಲ ಸ್ವಾಮಿ, ಬರೆದಿಲ್ಲ. 1831ರಲ್ಲಿ ಅಲ್ಲಿನ ಜೈಲುಗಳನ್ನ ನೋಡ್ಕೊಂಡು ಬರೋಕೆ ಅಂತ ಹೋದವನು ಒಂಬತ್ತು ತಿಂಗಳು ಸುತ್ತಾಡಿ 1835ರಲ್ಲಿ ಒಂದು ಭಾಗ, 1840ರಲ್ಲಿ ಇನ್ನೊಂದು ಭಾಗ 'ಡೆಮಾಕ್ರಸಿ ಇನ್ ಅಮೆರಿಕ' ತಂದ, ಎರಡರಲ್ಲೂ ಈ ಸಾಲಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ರೇಗನ್, ಕ್ಲಿಂಟನ್ ಅಂಥವರೇ ಭಾಷಣದಲ್ಲಿ ಅವನ ಹೆಸರಿಗೆ ಹಚ್ಚಿ ಹೇಳ್ಬಿಟ್ಟಿದ್ದಾರೆ, ಇನ್ನು ನಮ್ಮ ಗ್ರೂಪಿನೋರನ್ನ ಬೈದು ಏನ್ ಪ್ರಯೋಜನ.

ತಮಾಷೆ ಏನಪ್ಪಾ ಅಂದ್ರೆ ಅವನು ನಿಜವಾಗ್ಲೂ ಬರೆದಿದ್ದು ಹೆಚ್ಚುಕಮ್ಮಿ ಉಲ್ಟಾ. ಅಮೆರಿಕದಷ್ಟು ಕಮ್ಮಿ ಸ್ವತಂತ್ರ ಯೋಚನೆ, ಕಮ್ಮಿ ಬಿಚ್ಚುಮಾತಿನ ಚರ್ಚೆ ಇರೋ ದೇಶ ನಾನು ಕಂಡಿಲ್ಲ ಅಂದಿದ್ದ! ಕಾನೂನು ಬಾಯಿ ಕಟ್ಟುತ್ತೆ ಅಂತಲ್ಲ, ಬಹುಮತಕ್ಕೆ ಇಷ್ಟ ಆಗದ್ದನ್ನ ಆಡಿದ್ರೆ ಜನಾನೇ ದೂರ ಇಡ್ತಾರೆ ಅಂತ. ಒಂದು ಅಡಿಟಿಪ್ಪಣಿಲಿ ಅಲ್ಲಿನ ಬಾಲ್ಟಿಮೋರ್ ಊರಿನ ಕಥೆ ಕೊಟ್ಟಿದ್ದಾನೆ, ನನಗಂತೂ ಇಡೀ ಪುಸ್ತಕದಲ್ಲಿ ಮರೆಯೋಕಾಗದ ಭಾಗ ಅದು: ಬ್ರಿಟನ್ ವಿರುದ್ಧದ 1812ರ ಯುದ್ಧ ಬೇಡ ಅಂದ ಪತ್ರಿಕೆಯ ಪ್ರೆಸ್ಸನ್ನ ಗುಂಪು ಒಡೆದು ಹಾಕ್ತು, ಪತ್ರಕರ್ತರನ್ನ ಉಳಿಸೋಕೆ ಅಂತ ಜೈಲಲ್ಲಿಟ್ರೆ ರಾತ್ರಿ ಅಲ್ಲಿಗೂ ನುಗ್ಗಿ ಒಬ್ಬರನ್ನ ಕೊಂದ್ರು, ಕೇಸ್ ನಡೀತು, ಜ್ಯೂರಿ ಆರೋಪಿಗಳನ್ನ ಬಿಟ್ಟುಬಿಡ್ತು.