ಕಾಗದದ ಸ್ಟ್ರಾ, ಟ್ಯಾಂಕ್ ತುಂಬ ಸೀಮೆಎಣ್ಣೆ

ವಿಮಾನ ಕಂಪನಿಗಳಿಗೆ ಈಚೆಗೆ ಭೂಮಿತಾಯಿಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿದೆ. ದೇವನಹಳ್ಳಿಯಿಂದ ಮೇಲೆದ್ದ ಸ್ವಲ್ಪ ಹೊತ್ತಿಗೆ ಆ ಪ್ರೀತಿ ಟ್ರಾಲಿ ತಳ್ಳಿಕೊಂಡು ನಿಮ್ಮ ಸೀಟಿಗೇ ಬರುತ್ತದೆ. ಜ್ಯೂಸಿಗೆ ಪ್ಲಾಸ್ಟಿಕ್ ಸ್ಟ್ರಾ ಇಲ್ಲ, ಕಾಗದದ್ದು. ಉಪ್ಪಿಟ್ಟಿಗೆ ಮರದ ಚಮಚ. ಕಪ್ಪಿನ ತಳ ಮುಟ್ಟುವಷ್ಟರಲ್ಲಿ ಚಮಚದ ತುದಿ ನಾರುನಾರಾಗಿ ಉಪ್ಪಿಟ್ಟಿನ ಜೊತೆ ಹೊಟ್ಟೆಗೆ ಹೋಗಿರುತ್ತದೆ. ಹೋಗಲಿ ಬಿಡಿ, ಪರಿಸರಕ್ಕೋಸ್ಕರ ಅಷ್ಟಾದರೂ ತಿನ್ನದಿದ್ದರೆ ಹೇಗೆ?

ಕಿಟಕಿ ಪಕ್ಕ ಕೂತವರು ಆಚೆಗಿನ ರೆಕ್ಕೆ ನೋಡಿ ಫೋಟೋ ತೆಗೆಯುತ್ತಾರೆ. ಅದರೊಳಗೆ ಏನಿದೆ ಅಂತ ಯಾರೂ ಕೇಳಲ್ಲ. ಒಳಗಿರುವುದು ಸೀಮೆಎಣ್ಣೆ. ಚೆನ್ನಾಗಿ ಶುದ್ಧ ಮಾಡಿ ದೊಡ್ಡ ಹೆಸರು ಇಟ್ಟಿದ್ದಾರೆ, ಆದರೂ ರೇಷನ್ ಅಂಗಡಿ ಮುಂದೆ ಡಬ್ಬ ಹಿಡಿದು ನಿಂತವರಿಗೆ ಗೊತ್ತಿರುವ ಅದೇ ಸೀಮೆಎಣ್ಣೆಯ ವಂಶ. ನೂರಾ ಎಂಬತ್ತು ಜನ ಕೂರುವ ಸಾಮಾನ್ಯ ವಿಮಾನ ಗಂಟೆಗೆ 2 ಟನ್‌ಗಿಂತ ಜಾಸ್ತಿ ಕುಡಿಯುತ್ತದೆ. ಒಂದು ಕೆಜಿ ಉರಿದರೆ 3.16 ಕೆಜಿ ಕಾರ್ಬನ್ ಡೈಆಕ್ಸೈಡ್. ಒಂದು ಉರಿದು ಮೂರು ಹೇಗೆ ಆಯಿತು ಅಂತ ಹುಬ್ಬೇರಿಸಬೇಡಿ, ಗಾಳಿಯ ಆಮ್ಲಜನಕವೂ ಅದಕ್ಕೆ ಸೇರಿಕೊಳ್ಳುತ್ತದೆ. ದೆಹಲಿ ಮುಟ್ಟುವಷ್ಟರಲ್ಲಿ ಹದಿನೈದು ಟನ್‌ಗೆ ಕಮ್ಮಿ ಇಲ್ಲ. ಏಕಾದಶಿ ಅಂತ ಅನ್ನ ಬಿಟ್ಟು, ಅವಲಕ್ಕಿ, ಸಜ್ಜಿಗೆ, ಬಾಳೆಹಣ್ಣು, ಮೇಲೊಂದು ಲೋಟ ಹಾಲು ಇಳಿಸಿ "ಇವತ್ತು ನಮ್ಮದು ಉಪವಾಸ" ಅನ್ನುತ್ತಾರಲ್ಲ, ಈ ಸ್ಟ್ರಾ ಆ ಜಾತಿಯದು.

ಹಾಗಂತ ಕಂಪನಿಗಳು ಏನೂ ಮಾಡುತ್ತಿಲ್ಲ ಅನ್ನುವುದು ಸುಳ್ಳು. ತೂಕ ಇಳಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. 1987ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಪ್ರತಿ ಸಲಾಡಿನಿಂದ ಒಂದೊಂದು ಆಲಿವ್ ಕಾಯಿ ತೆಗೆದು ವರ್ಷಕ್ಕೆ 40,000 ಡಾಲರ್ ಉಳಿಸಿತಂತೆ. ಆಗ ಅದರ ಹೆಸರು ಜಿಪುಣತನ. ಈಗ ಮಾಡಿದ್ದರೆ ಪರಿಸರ ಪ್ರಶಸ್ತಿ ಸಿಗುತ್ತಿತ್ತು. 2009ರಲ್ಲಿ ಜಪಾನಿನ ಆಲ್ ನಿಪ್ಪನ್ ಏರ್‌ವೇಸ್ ಇನ್ನೂ ಮುಂದೆ ಹೋಯಿತು. ವಿಮಾನ ಹತ್ತುವ ಮೊದಲು ದಯವಿಟ್ಟು ಶೌಚಾಲಯಕ್ಕೆ ಹೋಗಿ ಬನ್ನಿ, ತೂಕ ಕಮ್ಮಿಯಾಗುತ್ತದೆ, ಹೊಗೆ ಕಮ್ಮಿಯಾಗುತ್ತದೆ ಎಂದು ಪ್ರಯಾಣಿಕರನ್ನು ಕೇಳಿಕೊಂಡಿತು. ಲೆಕ್ಕವೇನೋ ಸರಿಯೇ. ಬೆಂಗಳೂರಿನಲ್ಲಿ ಮಾತ್ರ ಇದನ್ನು ಮೈಕಿನಲ್ಲಿ ಕೂಗುವ ಅಗತ್ಯವಿಲ್ಲ. ಹೆಬ್ಬಾಳ ಫ್ಲೈಓವರ್ ಮೇಲೆ ಒಂದು ಗಂಟೆ ನಿಂತು ಬಂದವನು ಟರ್ಮಿನಲ್ ಒಳಗೆ ಮೊದಲು ಎಲ್ಲಿಗೆ ಓಡುತ್ತಾನೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ನಿಜವಾಗಿ ಕೆಲಸಕ್ಕೆ ಬರುವ ಉಪಾಯಗಳೂ ಇವೆ. ರನ್‌ವೇ ಕಡೆ ಸಾಗುವಾಗ ಒಂದೇ ಎಂಜಿನ್ ಓಡಿಸುವುದು, ರೆಕ್ಕೆಯ ತುದಿ ಮೇಲಕ್ಕೆ ಬಾಗಿಸುವುದು, ಹೊಸ ಎಂಜಿನ್ ಹಾಕುವುದು. ಹೊಸ ಎಂಜಿನ್ ಒಂದೇ ಸುಮಾರು 15 ಶೇಕಡಾ ಇಂಧನ ಉಳಿಸುತ್ತದೆ. ಭೇಷ್! ಉಳಿದದ್ದನ್ನು ಏನು ಮಾಡಿದರು? 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನ ಕೊಳ್ಳುತ್ತೇವೆ ಅಂದಿತು. ಜೂನ್‌ನಲ್ಲಿ ಇಂಡಿಗೊ ಒಂದೇ ಸಲಕ್ಕೆ 500 ಆರ್ಡರ್ ಕೊಟ್ಟಿತು. ಒಂದೊಂದೂ ಹಳೆಯದಕ್ಕಿಂತ ಕಮ್ಮಿ ಹೊಗೆ ಬಿಡುತ್ತದೆ, ಅದರಲ್ಲಿ ಅನುಮಾನ ಬೇಡ.

ಟಿಕೆಟ್ ಬುಕ್ ಮಾಡುವಾಗ ಕೊನೆಯಲ್ಲಿ ಒಂದು ಪುಟ್ಟ ಚೌಕ ಬರುತ್ತದೆ, ಗಮನಿಸಿದ್ದೀರಾ? ಸ್ವಲ್ಪ ದುಡ್ಡು ಸೇರಿಸಿದರೆ ನಿಮ್ಮ ಪಾಲಿನ ಹೊಗೆಗೆ ಎಲ್ಲೋ ಒಂದು ಗಿಡ ನೆಡುತ್ತಾರೆ. ಎಲ್ಲಿ ನೆಡುತ್ತಾರೆ, ನೀರು ಯಾರು ಹಾಕುತ್ತಾರೆ, ಅದು ಮರವಾಗಿ ನಿಮ್ಮ ಹೊಗೆ ಕುಡಿಯುವಷ್ಟರಲ್ಲಿ ನೀವು ಇನ್ನೆಷ್ಟು ಸಲ ಗೋವಾಕ್ಕೆ ಹೋಗಿರುತ್ತೀರಿ, ಇವೆಲ್ಲ ತಲೆಹರಟೆ ಪ್ರಶ್ನೆಗಳು. ಚೌಕದಲ್ಲಿ ಟಿಕ್ ಹಾಕಿದ ಕೂಡಲೇ ಪಾಪ ಪರಿಹಾರ, ಕಾಶಿಗೂ ಹೋಗಬೇಕಾಗಿಲ್ಲ. ನೆದರ್‌ಲ್ಯಾಂಡ್ಸ್‌ನವರಿಗೆ ಮಾತ್ರ ಇದು ರುಚಿಸಲಿಲ್ಲ. ಕೆಎಲ್ಎಂ ಕಂಪನಿ ತನ್ನ ಹಸಿರು ಜಾಹೀರಾತುಗಳಲ್ಲಿ ಗ್ರಾಹಕರನ್ನು ದಾರಿ ತಪ್ಪಿಸಿದೆ, ಗಿಡ ನೆಡುವುದರ ಫಲವನ್ನು ಇರುವುದಕ್ಕಿಂತ ಚೆಂದ ಮಾಡಿ ತೋರಿಸಿದೆ ಎಂದು 2024ರ ಮಾರ್ಚ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಕೋರ್ಟು ತೀರ್ಪು ಕೊಟ್ಟಿತು. ಕಟ್ಟುನಿಟ್ಟಿನ ಜನ, ನಂಬಿಕೆ ಅನ್ನುವುದೇ ಇಲ್ಲ.

ಇನ್ನು ಹಸಿರು ಇಂಧನದ ಕಥೆ. 2008ರ ಫೆಬ್ರುವರಿಯಲ್ಲಿ ವರ್ಜಿನ್ ಅಟ್ಲಾಂಟಿಕ್‌ನವರು ಕೊಬ್ಬರಿ ಎಣ್ಣೆ, ಬಬಾಸು ಎಂಬ ತಾಳೆ ಜಾತಿಯ ಕಾಯಿಯ ಎಣ್ಣೆ ಬೆರೆಸಿ ಲಂಡನ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಒಂದು ಜಂಬೋ ಹಾರಿಸಿದರು. ನಾಲ್ಕು ಎಂಜಿನ್‌ಗಳಲ್ಲಿ ಒಂದಕ್ಕೆ ಮಾತ್ರ, ಅದರಲ್ಲೂ 20 ಶೇಕಡಾ. ಪ್ರಯಾಣಿಕರು ಯಾರೂ ಇರಲಿಲ್ಲ. ತಿಪಟೂರಿನ ಕೊಬ್ಬರಿ ಮಂಡಿಗೆ ಈ ಸುದ್ದಿ ಸರಿಯಾಗಿ ಮುಟ್ಟಲಿಲ್ಲ ಅನ್ನಿಸುತ್ತದೆ, ಮುಟ್ಟಿದ್ದರೆ ಬೆಲೆ ಕೇಳಬೇಕಿತ್ತು! ನಮ್ಮಲ್ಲೂ 2018ರ ಆಗಸ್ಟ್‌ನಲ್ಲಿ ಸ್ಪೈಸ್‌ಜೆಟ್ ವಿಮಾನವೊಂದು ಜಟ್ರೋಫಾ ಎಂಬ ಗಿಡದ ಬೀಜದ ಎಣ್ಣೆಯ ಇಂಧನ ಬೆರೆಸಿಕೊಂಡು ಡೆಹ್ರಾಡೂನ್‌ನಿಂದ ದೆಹಲಿಗೆ ಹಾರಿತು. ಚಪ್ಪಾಳೆ, ಹಾರ, ಫೋಟೋ ಎಲ್ಲ ಆಯಿತು. ಆಮೇಲೆ? 2024ರಲ್ಲಿ ಇಡೀ ಪ್ರಪಂಚದ ವಿಮಾನಗಳು ಸುಟ್ಟ ಇಂಧನದಲ್ಲಿ ಹಸಿರಿನ ಪಾಲು 0.3 ಶೇಕಡಾ. ನಮ್ಮ ಸರ್ಕಾರದ ಗುರಿ ಅದಕ್ಕಿಂತ ಧೈರ್ಯದ್ದು: ವಿದೇಶಕ್ಕೆ ಹೋಗುವ ವಿಮಾನಗಳಲ್ಲಿ 2027ಕ್ಕೆ 1 ಶೇಕಡಾ, 2028ಕ್ಕೆ 2, 2030ಕ್ಕೆ 5. ಉಳಿದ ತೊಂಬತ್ತೊಂಬತ್ತರ ಬಗ್ಗೆ ಪತ್ರಿಕಾಗೋಷ್ಠಿ ಕರೆಯುವ ಪದ್ಧತಿ ಇಲ್ಲ.

ಆ ವಿದೇಶದ ವಿಮಾನಗಳದ್ದೇ ಇನ್ನೊಂದು ಚೋದ್ಯ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೋಗುವ ವಿಮಾನದ ಹೊಗೆಯನ್ನು ವಿಶ್ವಸಂಸ್ಥೆಗೆ ಕೊಡುವ ವರದಿಯಲ್ಲಿ ಭಾರತದ ಒಟ್ಟು ಲೆಕ್ಕಕ್ಕೂ ಕೂಡಿಸುವುದಿಲ್ಲ, ಜರ್ಮನಿಯದಕ್ಕೂ ಕೂಡಿಸುವುದಿಲ್ಲ. ಬೇರೆ ಸಾಲಿನಲ್ಲಿ ಸುಮ್ನೆ ಬರೆದಿಡುತ್ತಾರೆ. ತ್ರಿಶಂಕುವಿಗೆ ಕೊನೆಗೂ ಜೊತೆ ಸಿಕ್ಕಿತು.

ನಮ್ಮ ಊರಿನವರಾದರೂ ಹಿಂದೆ ಬಿದ್ದಿದ್ದಾರಾ? ಎರಡನೇ ಟರ್ಮಿನಲ್ ಒಳಗೆ ಬಿದಿರಿನ ಚಾವಣಿ, ತೂಗುವ ಗಿಡಗಳು, ನೀರು ಧುಮುಕುವ ಗೋಡೆ. ಉದ್ಯಾನದೊಳಗಿನ ಟರ್ಮಿನಲ್ ಅಂತಲೇ ಅದರ ಖ್ಯಾತಿ. ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಇದೇ ವಿಮಾನ ನಿಲ್ದಾಣಕ್ಕೆ ಬೇಗ ಮುಟ್ಟಲೆಂದು ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಸೇತುವೆ ಕಟ್ಟಲು ಹೊರಟಾಗ 812 ಮರಗಳ ತಲೆಗೆ ಗುರುತು ಬಿದ್ದಿತ್ತು. 2016ರಲ್ಲಿ ಜನ ಕೈ ಕೈ ಹಿಡಿದು ಸಾಲಾಗಿ ನಿಂತು ಬೇಡ ಅಂದರು, ಮರುವರ್ಷ ಯೋಜನೆ ಬಿದ್ದುಹೋಯಿತು. ಆ ಮರಗಳು ಬುದ್ಧಿವಂತಿಕೆಯಿಂದ ಟರ್ಮಿನಲ್ ಒಳಗೆ ಹುಟ್ಟಿದ್ದರೆ ದಿನಾ ಸ್ಪ್ರೇ ಬಾಟಲಿಯಲ್ಲಿ ಎಲೆ ಒರೆಸುವವರಿರುತ್ತಿದ್ದರು.

2022ರ ನವೆಂಬರ್ 11ರಂದು ಈ ಉದ್ಯಾನ ಟರ್ಮಿನಲ್ ಉದ್ಘಾಟನೆಯಾಯಿತು. ಅದೇ ದಿನ, ಅದೇ ಪ್ರಧಾನಿ, ಅದೇ ಊರಿನ ಮೆಜೆಸ್ಟಿಕ್‌ ರೈಲು ನಿಲ್ದಾಣದಲ್ಲಿ ಮೈಸೂರು–ಚೆನ್ನೈ ವಂದೇ ಭಾರತ್‌ಗೆ ಹಸಿರು ಬಾವುಟ ತೋರಿಸಿದರು. ಕರೆಂಟಿನಲ್ಲಿ ಓಡುವ ರೈಲು, ಬೆಂಗಳೂರಿನಿಂದ ಚೆನ್ನೈಗೆ ಸುಮಾರು ನಾಲ್ಕೂವರೆ ಗಂಟೆ. ವಿಮಾನದಲ್ಲಾದರೆ ಒಂದೇ ಗಂಟೆ. ಅದಕ್ಕೆ ದೇವನಹಳ್ಳಿ ಮುಟ್ಟುವ ಹೊತ್ತು, ಬೆಲ್ಟ್ ಬಿಚ್ಚುವ ಕ್ಯೂ, ಗೇಟ್ ಹತ್ತಿರ ಜೋತುಬಿದ್ದ ಗಿಡ ನೋಡುತ್ತ ಕೂರುವುದು, ಮೀನಂಬಾಕ್ಕಂನಿಂದ ಆಟೋದವನ ಜೊತೆ ಚೌಕಾಸಿ, ಎಲ್ಲ ಸೇರಿಸಿಕೊಳ್ಳಿ. ಫ್ರಾನ್ಸ್ 2023ರಲ್ಲಿ ಕಾನೂನನ್ನೇ ಜಾರಿಗೆ ತಂದಿತು: ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಹೋಗಬಹುದಾದ ಊರಿಗೆ ವಿಮಾನ ಬೇಡ. ನಮ್ಮಲ್ಲಿ ಕಾನೂನು ಯಾಕೆ, ನಾವೇ ರೈಲಿಗೆ ಹೋಗೋಣ ಅಂತ ಮುಂದಿನ ಶುಕ್ರವಾರಕ್ಕೆ ಟಿಕೆಟ್ ನೋಡಿದೆ. ವೇಟಿಂಗ್ ಲಿಸ್ಟ್ ಉದ್ದಕ್ಕೆ ಕಾಟ್ಪಾಡಿವರೆಗೂ ಇತ್ತು. ವಿಮಾನದಲ್ಲಿ ಸೀಟು ಬೇಕಾದಷ್ಟಿತ್ತು, ಗಿಡ ನೆಡುವ ಚೌಕಕ್ಕೆ ಅವರೇ ಮುಂಚೆ ಟಿಕ್ ಹಾಕಿ ಇಟ್ಟಿದ್ದರು. ಗುರುವಾರ ಬೆಳಿಗ್ಗೆ ಹತ್ತಕ್ಕೆ ತತ್ಕಾಲ್ ತೆರೆಯುತ್ತದೆ, ಮನೆಯವರೆಲ್ಲ ಒಂದೊಂದು ಫೋನ್ ಹಿಡಿದು ಕೂರುವುದು ಅಂತ ತೀರ್ಮಾನವಾಗಿದೆ.