890 ಇದ್ದರೆ ಮಾತ್ರ ಭಾರತದ್ದೇ?

ಬಾರ್‌ಕೋಡ್ 890ರಿಂದ ಶುರುವಾದರಷ್ಟೇ ಸರಕು ಭಾರತದಲ್ಲಿ ತಯಾರಾದದ್ದು ಎಂಬ ಸಂದೇಶ ಹಾಸನದ ವಾಟ್ಸಾಪ್ ಗುಂಪುಗಳಿಗೂ ಆಗಾಗ ಬರುತ್ತಿರುತ್ತದೆ. ಅದು ತಪ್ಪು. ಆ ಸಂಖ್ಯೆಯನ್ನು ಕಂಪನಿಗೆ ಭಾರತದಲ್ಲಿ ಹಂಚಲಾಗಿದೆ ಎಂಬುದಷ್ಟೇ 890ರ ಅರ್ಥ. ಅದೇ ಕಂಪನಿ ಸರಕನ್ನು ಹೊರದೇಶದಲ್ಲಿ ಮಾಡಿಸಿ ತರಿಸಿದರೂ ಅಂಕಿ ಬದಲಾಗುವುದಿಲ್ಲ.

ಕಟ್ಟಿನಕೆರೆ ಮಾರುಕಟ್ಟೆಯ ಕಡೆ ಹೋದಾಗ ಸಗಟು ಅಂಗಡಿಯ ರಟ್ಟಿನ ಪೆಟ್ಟಿಗೆಗಳನ್ನು ಗಮನಿಸಿ. ದಪ್ಪ ಕಪ್ಪು ಚೌಕಟ್ಟಿನೊಳಗೆ 14 ಅಂಕಿಯ ಕೋಡ್ ಕಂಡರೆ, ಮೊದಲ ಅಂಕಿ ಹೆಚ್ಚಾಗಿ 1ರಿಂದ 8ರೊಳಗಿರುತ್ತದೆ. ಅದು ಪ್ಯಾಕಿಂಗ್ ಹಂತದ ಗುರುತು. 890 ಅದರ ನಂತರ ಬರುತ್ತದೆ. ಸಂದೇಶವನ್ನೇ ನಂಬಿದರೆ ಒಳಗಿನ ಬಿಸ್ಕತ್ತು ಭಾರತದ್ದು, ಪೆಟ್ಟಿಗೆ ಪರದೇಶದ್ದು ಎನ್ನಬೇಕಾದೀತು!

ಸ್ವದೇಶಿ ಕೊಳ್ಳುವ ಆಸೆ ಸರಿಯೇ. ಅದಕ್ಕೆ ಅಂಕಿ ಬಿಟ್ಟು ಅಕ್ಷರ ಓದಿ: ತಯಾರಕರ ವಿಳಾಸ, ಆಮದಾಗಿದ್ದರೆ ಆಮದುದಾರರ ಹೆಸರು ಮತ್ತು ಮೂಲ ದೇಶ. ಪೊಟ್ಟಣದ ಮೇಲೆ ಇವನ್ನು ಮುದ್ರಿಸಲೇಬೇಕೆಂಬ ನಿಯಮವಿದೆ.